ಮೊರಗಿವಿಗಳ ಕೊನೆಯ ವಾರಸುದಾರ

ಸ್ವಸ್ತಿ ಸಮಸ್ತ ಲೋಕವಿಖ್ಯಾತರೂ, ಉಭಯಕರ್ಣವಿರಾಜಿತರೂ, ಕನ್ನಡಕಧಾರಣಧುರಂಧರರೂ, ಎದುರುಗಾಳಿಯಲ್ಲಿ ಸೈಕಲ್ ತುಳಿದ ಮಹಾಶೂರರೂ ಆದ ನನ್ನ ಪೂರ್ವಿಕರ ದಿವ್ಯ ಕಿವಿಗಳ ಸನ್ನಿಧಾನಕ್ಕೆ, ಗದಗ ಸೀಮೆಯ ಅಂದಾನಿ ಎಂಬ ಹದಿನೇಳರ ಹುಡುಗನು ಎರಡು ಸಾವಿರದ ನಾನೂರ ಹದಿನಾರನೆಯ ಇಸವಿ, ಹದಿಮೂರನೆಯ ತಿಂಗಳು, ಮೂವತ್ತನಾಲ್ಕನೆಯ ತಾರೀಕಿನಂದು ಅಡ್ಡಬಿದ್ದು ಮಾಡುವ ಬಿನ್ನಹ.

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾವು 'ಒರಗು' ಎನ್ನುವುದು ಒಂದು ಶಾಸ್ತ್ರಕ್ಕೆ. ತಲೆಯಿಂದ ಹೊರಗೆ ಚಾಚಿದ ಕಿವಿಯ ಹಿಂದೆ ಕೊಯ್ದು, ಒಳಗಿನ ಮೆತ್ತನೆಯ ಎಲುಬನ್ನು ಮಡಚಿ, ಹೊಲಿಗೆ ಹಾಕಿ, ಹಿಂದೆ ಕಡ್ಡಿಯೂ ತೂರದಂತೆ ತಲೆಗೆ ಒರಗಿಸಿಬಿಡುತ್ತಾರೆ. ನಿಮ್ಮ ಕಾಲದಲ್ಲಿ ಶಾಲೆಯ ಹುಡುಗರ ಅಣಕ ತಾಳಲಾರದ ಕೆಲವರು ಮಾತ್ರ ಇದನ್ನು ಮಾಡಿಸಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಜವಳ ತೆಗೆಸಿದಷ್ಟೇ ಸಹಜವಾಗಿ ಎಲ್ಲ ಮಕ್ಕಳಿಗೂ ಆಗುತ್ತದೆ. ನೀವು ಕಿವಿ ಚುಚ್ಚಿಸುವಾಗ ಮಾಡುತ್ತಿದ್ದಂತೆಯೇ ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಯಿಗೆ ಬೆಲ್ಲ ಇಡಬೇಕು. ಆಮೇಲೆಯೇ ಡಾಕ್ಟರು ಕೈ ಹಚ್ಚುವುದು. ಮಾವನ ತೊಡೆ ಸಿಗದಿದ್ದರೆ ಒರಗೂ ಇಲ್ಲ.

ಇದರಿಂದ ನಮ್ಮ ಬಾಳು ಹೇಗಾಗಿದೆ ಕೇಳಿ. ಕನ್ನಡಕವನ್ನು ಮೂಗಿಗೆ ಅಂಟಿಸಿಕೊಳ್ಳುತ್ತೇವೆ. ಬಿಸಿಲಿಗೆ ಅಂಟು ಕರಗಿ ಅದು ಸಾರಿನೊಳಗೆ ಬೀಳುತ್ತದೆ. ಬಡಿಗರು ಪೆನ್ಸಿಲ್ಲನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅಳತೆ ಹೇಳುವುದರಿಂದ ಬಾಗಿಲು ಮಾಡಿಸಲು ಹೋದವರು ಕಿಟಕಿ ಹೊತ್ತು ತರುತ್ತಾರೆ. ಹಿಂಡಲು ಏನೂ ಸಿಗದ ಮಾಸ್ತರರು ತಮ್ಮ ಕೈಯನ್ನೇ ಹಿಸುಕಿಕೊಂಡು ನಿಲ್ಲುತ್ತಾರೆ. ಗಣಪತಿಯ ವಿಷಯದಲ್ಲಿ ಏನು ಮಾಡಬೇಕೆಂದು ಊರ ಹಿರಿಯರ ಸಭೆ ಇನ್ನೂ ನಡೆದಿದೆ.

ಊರಿನಲ್ಲಿ ನಾನೊಬ್ಬ ಉಳಿದಿದ್ದೆ. ನನ್ನ ಅಪ್ಪ ಅವ್ವನ ಮದುವೆಯಲ್ಲಿ ಸೋದರಮಾವ ಚಂಬಣ್ಣನನ್ನು ಎರಡನೆಯ ಪಂಕ್ತಿಗೆ ಕೂರಿಸಿದರಂತೆ. ಎಲೆ ಬಿಟ್ಟು ಎದ್ದುಹೋದವನು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ತೊಡೆ ಸಿಗದ ನನ್ನ ಕಿವಿಗಳು ತಮ್ಮ ಮನಸ್ಸಿಗೆ ಬಂದಷ್ಟು ಬೆಳೆದವು. ಎಲ್ಲರೂ ನನ್ನನ್ನು ಮೊರಗಿವಿ ಎಂದರು. ಮೊರವನ್ನು ಕಂಡವರು ಈಗ ಯಾರೂ ಇಲ್ಲ, ಬೈಗುಳ ಮಾತ್ರ ಉಳಿದಿದೆ. "ಲೇ ಅಂದಾನಿ, ಗಾಳಿ ಎದ್ದೈತಿ, ಕಿಸೇದಾಗ ಎರಡು ಕಲ್ಲು ಇಟಗೊಂಡು ಹೋಗು, ಹಾರಿಗೀರಿ ಹೋದೀ" ಎನ್ನುತ್ತಿದ್ದರು. ನಾನೇನು ಕಡಿಮೆ? ಎರಡೂ ಕಿವಿಗಳನ್ನು ಮುಂದಕ್ಕೆ ಬಾಗಿಸಿ, "ನಿನ್ನೆ ರಾತ್ರಿ ನಿಮ್ಮ ಮನಿಯಾಗ ಮಾತಾಡಿದ್ದೆಲ್ಲಾ ಕೇಳಿಸೈತಿ ನನಗ" ಎನ್ನುತ್ತಿದ್ದೆ. ಒಂದಿಬ್ಬರು ಅಂದಿನಿಂದ ತಮ್ಮ ಮನೆಯಲ್ಲೂ ಪಿಸುಗುಡತೊಡಗಿದರು.

ಆದರೆ ಈ ಕಿವಿಗಳ ಮೇಲೆ ನಿಜವಾದ ಹಕ್ಕಿದ್ದದ್ದು ನಮ್ಮಜ್ಜಿ ಹೊಳೆವ್ವನಿಗೆ. ಅವಳಿಗೆ ಕಣ್ಣು ಹೋಗಿದೆ, ಕೇಳಿಸುವುದೂ ನಿಂತಿದೆ. ಮೊಮ್ಮಕ್ಕಳನ್ನು ಕೈಯಿಂದ ತಡವಿಯೇ ಗುರುತಿಸಬೇಕು. ತಡವಿದರೆ ಎಲ್ಲವೂ ಒಂದೇ ತರಹದ ನುಣ್ಣನೆಯ ತಲೆಗಳು. "ಮನಿ ತುಂಬ ಗಡಿಗಿ ಅದಾವು, ಮೊಮ್ಮಗ ಅಂದ್ರ ಇವನೊಬ್ಬನ" ಎಂದು ಸಂಜೆ ನನ್ನ ಎರಡೂ ಕಿವಿ ಹಿಡಿದು ಜಗ್ಗಿ, ಬಾಯಿಗೆ ಶೇಂಗಾ ಉಂಡೆ ತುರುಕುತ್ತಿದ್ದಳು.

ಹೋದ ತಿಂಗಳು ಮಾವ ಬಂದ. ಮೀಸೆ ಮೂಡಿದ ನಾನು ಅವನ ತೊಡೆಯೇರಿ ಕೂತೆ. "ಲಗೂನ ಮುಗಸ್ರಿ ಡಾಕ್ಟರ, ಬೆಲ್ಲ ನನಗ ಬೇಕಾಗೈತಿ" ಎಂದು ಅವನು ನರಳಿದ. ಪಟ್ಟಿ ಬಿಚ್ಚಿದ ಸಂಜೆ ಅಜ್ಜಿಯ ಮುಂದೆ ಹೋಗಿ ಕೂತೆ. ಅವಳ ಕೈ ಕೆನ್ನೆಯಿಂದ ಮೇಲೇರಿ, ಕಿವಿಗಳಿದ್ದ ಕಡೆಯ ಬರಿಗಾಳಿಯಲ್ಲಿ ಕೊಂಚ ಹೊತ್ತು ಹುಡುಕಿ, ಕೆಳಗಿಳಿಯಿತು. "ಯಾರ ಮಗನಪಾ ನೀ? ಕುಂಡ್ರು, ಉಂಡಿ ತಿನ್ನು. ನಮ್ಮ ಅಂದಾನಿ ಬರೋ ಹೊತ್ತಾತು" ಎಂದು ಸಣ್ಣ ಉಂಡೆ ನನಗೆ ಕೊಟ್ಟು, ದೊಡ್ಡದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಅವ್ವ ಅವಳ ಕೈ ಹಿಡಿದು ಮತ್ತೆ ಮತ್ತೆ ನನ್ನ ಎದೆಗೆ ಒತ್ತಿದಳು. ಅಜ್ಜಿ ನಂಬಲಿಲ್ಲ.

ಮರುದಿನ ಖಡಕ್ ರೊಟ್ಟಿಯ ಎರಡು ಚೂರುಗಳನ್ನು ಕನ್ನಡಕದ ಅಂಟಿನಿಂದ ತಲೆಗೆ ಅಂಟಿಸಿಕೊಂಡು ಹೋದೆ. ಮುಟ್ಟಿದಳು, ಮುಖ ಅರಳಿತು, ಜಗ್ಗಿದಳು. ಮುರಿದು ಕೈಗೆ ಬಂತು. ಮೂಸಿ ನೋಡಿ, "ಪಾಪ, ರೊಟ್ಟಿ ತಲಿಗೆ ಕಟಗೊಂಡು ತಿರಗಾಕತ್ತೈತಿ ಹುಡುಗ. ಇದರ ಮನಿಯಾಗ ಯಾರೂ ಇಲ್ಲೇನು?" ಎಂದಳು. ಮನೆಯವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ನಗು ನಿಂತ ಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಈಗ ಸೆರಗಿನ ಉಂಡೆಗೆ ಇರುವೆ ಹತ್ತಿದೆ. ಅವಳು ಬಾಗಿಲ ಕಡೆಗೆ ಮುಖಮಾಡಿ ನನಗಾಗಿ ಕಾಯುತ್ತಾಳೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಒರಗಿದ ಕಿವಿಯನ್ನು ಮೊದಲಿನಂತೆ ಎಬ್ಬಿಸುವ ವಿದ್ಯೆ ತಮಗೆ ಬಾರದು ಎಂದರು ಡಾಕ್ಟರು. ಆದುದರಿಂದ, ಕರ್ಣಸಂಪನ್ನರಾದ ಪೂರ್ವಿಕರೇ, ನಿಮ್ಮ ಕಿವಿಯನ್ನು ಒರಗಿಸುವ ಮುಂಚೆ, ಅದನ್ನು ಹಿಡಿದು ಜಗ್ಗುವವರು ಮನೆಯಲ್ಲಿ ಯಾರಿದ್ದಾರೆಂದು ಒಮ್ಮೆ ನೋಡಿ. ಸಾಧ್ಯವಾದರೆ ನಿಮ್ಮಲ್ಲಿ ಯಾರಾದರೂ ಮೊರಗಿವಿಯವರು ನಾನೂರು ವರ್ಷ ದಾಟಿ ಒಂದು ಸಂಜೆ ಇಲ್ಲಿಗೆ ಬಂದುಹೋಗಿ. ಅಜ್ಜಿಯ ಮುಂದೆ ಸುಮ್ಮನೆ ಕೂತರೆ ಸಾಕು. ಉಂಡೆ ನೀವೇ ತಿನ್ನಿ.

ಇನ್ನೊಂದು ಮಾತು. ಮಾವ ತಾನಾಗಿ ಬರಲಿಲ್ಲ. ನಾನೇ ಅವನ ಊರಿಗೆ ಹೋಗಿ, ಕಾಲು ಹಿಡಿದು ಕರೆತಂದೆ. ದಿನಾ ಕನ್ನಡಿ ನೋಡಿಕೊಳ್ಳುತ್ತೇನೆ. ಚೆಂದ ಕಾಣುತ್ತೇನೆ.