ಮೂಲೆಯ ಕಾಲಾಳು

ನ್ಯೂ ಟೌನ್, ಭದ್ರಾವತಿ
12.2.2026, ಗುರುವಾರ

ಪ್ರೀತಿಯ ವಿಷ್ಣು,

ಹೇಗಿದ್ದೀಯ ಮಗನೇ? ಸುಶ್ಮಿತಾಳ ಬೆನ್ನುನೋವು ಕಡಿಮೆಯಾಯಿತೇ? ಎಳ್ಳೆಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಲು ಹೇಳು. ಇಷ್ಟು ಹತ್ತಿರದ ವಿದ್ಯಾನಗರಕ್ಕೆ ಕಾಗದವೇ ಎಂದು ನಗಬೇಡ. ಮನೆಯಲ್ಲಿರುವ ಒಂದೇ ಒಳ್ಳೆಯ ಫೋನು ಹೆಸರಿಗೆ ನನ್ನದು, ಇರುವುದು ನಿಮ್ಮಪ್ಪನ ಕೈಯಲ್ಲಿ. ನಿನಗೆ ನಾಲ್ಕು ಮಾತು ಹೇಳೋಣವೆಂದರೆ ಅವರ ಕಿವಿ ಪಕ್ಕದಲ್ಲೇ.

ಅವರಿಗೆ ಚೆಸ್ ಹುಚ್ಚು ಮತ್ತೆ ಹತ್ತಿದೆ. ಫೋನಿನಲ್ಲೇ ಮೂರು ನಿಮಿಷದ ಆಟವಂತೆ, ಆ ಗಡಿಯಾರ ಓಡುವುದನ್ನು ನೋಡಿದರೆ ನನಗೆ ಬಿ.ಪಿ. ಏರುತ್ತದೆ. ಕಾರ್ಖಾನೆ ಕ್ಲಬ್ಬಿನ ಹಳೇ ವರಸೆಯೇ ಈಗಲೂ. ಎದುರಿನವನು ಕುದುರೆ ತೆಗೆದ ಕೂಡಲೇ ಒಂಟೆಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ ಪುಕ್ಕಟೆ ಕೊಟ್ಟುಬಿಡುವುದು. "ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ ಕಣ್ರೀ" ಎಂದು ಕ್ಲಬ್ಬಿನ ಮೂರ್ತಪ್ಪನವರು ರೇಗಿಸುತ್ತಿದ್ದರಲ್ಲ! ನಿಧಾನದ ಆಟದಲ್ಲಾದರೆ ಸೋಲು ಖಂಡಿತ. ಅವಸರದ ಆಟದಲ್ಲಿ ಎದುರಿನವರು ಗಾಬರಿಯಾಗಿ ಎಡವುತ್ತಾರಂತೆ. ಅದಾದ ಮೇಲೆ, ಏನೂ ಕೆಲಸವಿಲ್ಲದ ಮೂಲೆಯ ಕಾಲಾಳನ್ನು ಒಂದು ಮನೆ ಸರಿಸುವುದು. ತಪ್ಪು ನಡೆ ಎಂದು ಕ್ಲಬ್ಬಿನವರೆಲ್ಲ ಹೇಳಿ ಸಾಕಾದರು. ಎಂದೋ ಒಮ್ಮೆ ಹಾಗೆ ಆಡಿ ಗೆದ್ದಿದ್ದರು, ಅಷ್ಟಕ್ಕೇ ಅದು ವೇದವಾಯಿತು. ನಿನಗೂ ಅದನ್ನೇ ಕಲಿಸಿದರು.

ದೀಪಾವಳಿಯಿಂದೀಚೆಗೆ ದಿನಾ ಸಂಜೆ ಕಾಫಿ ಆದ ಮೇಲೆ ಯಾರೋ ಒಬ್ಬ ಇವರನ್ನು ಆಟಕ್ಕೆ ಕರೆಯುತ್ತಾನೆ. ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. ಅವನೂ ಕಾಲಾಳು ಕೊಡುತ್ತಾನೆ, ಆಮೇಲೆ ಅವನೂ ಮೂಲೆಯದನ್ನು ಸರಿಸುತ್ತಾನೆ. ಹೆತ್ತವಳಿಗೆ ಇಷ್ಟು ಸಾಲದೇ? ಹೆಸರು ಬದಲಾಯಿಸಿಕೊಂಡೆಯಲ್ಲ ಮಾರಾಯ, ಚಾಳಿ ಬದಲಾಯಿಸಲು ಆಗಲಿಲ್ಲವೇ?

ನಿನ್ನ ಗೃಹಪ್ರವೇಶದ ದಿನ ಅಡುಗೆಮನೆಯ ದಿಕ್ಕು ಸರಿಯಿಲ್ಲ ಎಂದು ಪುರೋಹಿತರ ಮುಂದೆ ಅವರು ಹೇಳಬಾರದಿತ್ತು. "ನಿಮ್ಮನ್ನ ಕೇಳಿ ಕಟ್ಟಿಲ್ಲ ಅಪ್ಪ" ಎಂದು ನೀನೂ ಅನ್ನಬಾರದಿತ್ತು. ಪಾಯಸ ಬಡಿಸುತ್ತಿದ್ದಂತೆ ನಿಮ್ಮಪ್ಪ ಎಲೆ ಬಿಟ್ಟು ಎದ್ದು ಬಂದರು. ಅಂದಿನಿಂದ ಅಪ್ಪ ಮಗನಿಗೆ ಮಾತಿಲ್ಲ. ನಡುವೆ ನಾನು ಬೆಂದುಹೋಗಿದ್ದೇನೆ. ಆದರೂ ಆ ಆಟ ಶುರುವಾದ ಮೇಲೆ ಅವರು ಹೊಟ್ಟೆತುಂಬ ಉಣ್ಣುತ್ತಿದ್ದಾರೆ, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.

ಹಪ್ಪಳದ ಡಬ್ಬಿಯ ಜೊತೆ ಈ ಕಾಗದವನ್ನು ಪಕ್ಕದ ಮನೆಯ ಬಸವರಾಜೇಶ್ವರಿ ಟೀಚರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಡಬ್ಬಿ ವಾಪಸ್ಸು ಬರಲಿ. ಇಬ್ಬರೂ ತಣ್ಣಗಿರಿ.

ನಿನ್ನ ಅಮ್ಮ,
ಶಾಮಲಾ

ಮತ್ತೆ: ಟೀಚರ್ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಅಪ್ಪನ ಬಲಗಣ್ಣಿನ ಪೊರೆ ಪೂರ್ತಿ ಬಲಿತಿದೆ. ಬರುವ ಬುಧವಾರ ಶಿವಮೊಗ್ಗದಲ್ಲಿ ಆಪರೇಷನ್. ಇನ್ನು ತಡ ಮಾಡಿದರೆ ಕಷ್ಟವಂತೆ. ಆಮೇಲೆ ಕೆಲವು ವಾರ ಫೋನು ನೋಡಬಾರದು ಎಂದರು ಡಾಕ್ಟರು. ಅಷ್ಟಕ್ಕೇ ಇವರು ಆಪರೇಷನ್ನೇ ಬೇಡ ಎಂದು ಕೂತಿದ್ದಾರೆ. ನಿನ್ನೆ ಚೆನ್ನಾಗಿ ಬೈದೆ. ಆಗ ಬಾಯಿಬಿಟ್ಟರು: "ಅವನು ವಿಷ್ಣು ಕಣೇ. ಮೊದಲ್ನೇ ದಿನವೇ ಗೊತ್ತಾಯ್ತು. ಈಗ ನಾನು ಆಟ ನಿಲ್ಲಿಸಿದ್ರೆ, ಅಪ್ಪ ಮತ್ತೆ ಎಲೆ ಬಿಟ್ಟು ಎದ್ದ ಅಂದ್ಕೊಳ್ತಾನೆ." ಹಳೇ ಬೋರ್ಡು ಒರೆಸಿಟ್ಟಿದ್ದೇನೆ. ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಇದ್ದರೇನು, ನೀನು ನಡೆ ಹೇಳಿದರೆ ಅವರು ಆಡುತ್ತಾರೆ. ಅದಕ್ಕೂ ಮೊದಲು, ಈ ಶನಿವಾರವೇ ಊಟಕ್ಕೆ ಬಾ. ಪಾಯಸ ಮಾಡಿರುತ್ತೇನೆ.