ಎರಡು ಸಲ ಕಳೆದ ನಾರು

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ
ಹೊಲಿಗೆ ಅಂಗಡಿಯಿಂದ

ನನ್ನ ಚೂಟಿಗೆ ಅಮ್ಮನ ಪ್ರೀತಿ.

ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ಕ್ಷೇಮವನ್ನು ಚಿಕ್ಕಮ್ಮ ದಿನಾ ಬೆಳಿಗ್ಗೆ ಶುಗರ್ ಅಂಕಿಯ ಸಮೇತ ಮೆಸೇಜು ಮಾಡುತ್ತಾಳೆ. ಇವತ್ತು ನೂರ ಹದಿನೆಂಟು. ನೋಡಿ ಖುಷಿಪಟ್ಟೆ. ಈಗ ಬರೆಯುತ್ತಿರುವುದನ್ನು ಬಾಯಲ್ಲಿ ಹೇಳಲು ನನ್ನಿಂದಾಗದು, ಅದಕ್ಕೇ ಕಾಗದ.

ಇಲ್ಲಿ ಕೆಲಸ ಒತ್ತಾಗಿದೆ. ಎದುರಿನ ಶಾಲೆಯವರು ನಲವತ್ತು ಜೊತೆ ಸಮವಸ್ತ್ರ ಒಂದೇ ಸಲಕ್ಕೆ ತಂದು ಸುರಿದಿದ್ದಾರೆ. ಗುಂಡಿ ಹಾಕುವ ಯಂತ್ರ ಮತ್ತೆ ಮುಷ್ಕರ ಹೂಡಿದೆ. ಇಸ್ತ್ರಿ ಮಾಡುವ ಅಣ್ಣ ನಿನ್ನನ್ನು ಕೇಳುತ್ತಿರುತ್ತಾನೆ. ನೋಡು, ಹೇಳಬೇಕಾದದ್ದನ್ನು ಬಿಟ್ಟು ಪುರಾಣ ಬಿಚ್ಚಿಕೊಂಡು ಕೂತೆ. ವಿಷಯ ಇಷ್ಟೇ. ಹೋದ ವರ್ಷವೆಲ್ಲ ನೀನು ಏನನ್ನೂ ಕದ್ದು ತಿಂದಿರಲಿಲ್ಲ. ಲೆಕ್ಕ ತಪ್ಪಿದವಳು ನಾನು.

ನಿನಗೆ ಒಂಬತ್ತು ತುಂಬುವ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದ ನಾನು ಪೆನ್ಸಿಲು ಹಿಡಿದು ಕೂತು ಕಲಿತೆ. ತಿನ್ನುವುದರಲ್ಲಿ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಇದೆಯೋ ಅದಕ್ಕೆ ತಕ್ಕಷ್ಟು ಇನ್ಸುಲಿನ್. ಆದರೆ ನಾರು ಸಕ್ಕರೆಯಾಗಿ ರಕ್ತಕ್ಕೆ ಸೇರುವುದಿಲ್ಲ, ಹಾಗೇ ಹಾದುಹೋಗುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ಕಾರ್ಬೋಹೈಡ್ರೇಟಿನಲ್ಲಿ ನಾರನ್ನು ಕಳೆದು ಉಳಿದದ್ದಕ್ಕೆ ಮಾತ್ರ ಇನ್ಸುಲಿನ್ ಕೊಡಿ ಎಂದು ಕ್ಲಿನಿಕ್ಕಿನ ಆಗಿನ ಸಿಸ್ಟರ್ ಹೇಳಿಕೊಟ್ಟಿದ್ದರು. ನಾನು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಆರು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಹೋದ ವರ್ಷ ಹೊಸ ಅಂಗಡಿಯಲ್ಲಿ ನಾರು ಹೆಚ್ಚಿರುವ ಬ್ರೆಡ್ಡು ಸಿಕ್ಕಿತಲ್ಲ, ಬೇರೆ ದೇಶದಿಂದ ಬರುವುದು? ಅದೇ ಕಂಪನಿಯ ಓಟ್ಸು, ಬಿಸ್ಕತ್ತುಗಳನ್ನೂ ತರತೊಡಗಿದೆ. ಮಗಳಿಗೆ ಒಳ್ಳೆಯದಾಗಲಿ ಎಂದೇ ತಂದೆ, ಚೂಟಿ, ಅದನ್ನು ಮಾತ್ರ ನಂಬು. ಎರಡು ಸ್ಲೈಸಿಗೆ ಮೂವತ್ತು ಗ್ರಾಂ ಕಾರ್ಬೋಹೈಡ್ರೇಟ್, ಎಂಟು ಗ್ರಾಂ ನಾರು. ನಾನು ಎಂಟನ್ನು ಕಳೆದು ಇಪ್ಪತ್ತೆರಡಕ್ಕೆ ಇನ್ಸುಲಿನ್ ಕೊಟ್ಟೆ. ಓಟ್ಸಿನಲ್ಲೂ ಹಾಗೆಯೇ, ಸಂಜೆಯ ಬಿಸ್ಕತ್ತಿನಲ್ಲೂ ಹಾಗೆಯೇ.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ತಿಂಡಿಯಾದ ಎರಡು ಗಂಟೆಗೆ ಇನ್ನೂರ ಮೂವತ್ತು, ಇನ್ನೂರ ಐವತ್ತು. ನೀನು ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದೆ. ಅರ್ಧಕ್ಕೇ ಸುಸ್ತಾಗುತ್ತಾಳೆ ಎಂದು ಈಜಿನ ತಂಡದಿಂದ ನಿನ್ನನ್ನು ಕೈಬಿಟ್ಟರು. ಡಾಕ್ಟರು ಅಂಕಿ ನೋಡಿ, ಮನೇಲಿ ಏನಾದ್ರೂ ಕದ್ದು ತಿಂತಾಳಾ ನೋಡ್ಕೊಳ್ಳಿ, ಈ ವಯಸ್ಸಲ್ಲಿ ಎಲ್ಲಾ ಮಕ್ಕಳೂ ಮಾಡ್ತಾರೆ ಅಂದರು. ಅಷ್ಟು ಸಾಕಾಯಿತು ನನಗೆ. ಕಪಾಟಿಗೆ ಬೀಗ ಹಾಕಿದೆ. ಹಾಸಿಗೆ ಕೆಳಗೆ ತಡಕಾಡಿದೆ. ನಿನ್ನ ಗೆಳತಿಯ ಮುಂದೆಯೇ ಶಾಲೆಯ ಚೀಲವನ್ನು ಬೋರಲು ಹಾಕಿ ಕೊಡವಿದೆ. ಬಿದ್ದದ್ದು ಒಂದೇ ಒಂದು ಗ್ಲೂಕೋಸ್ ಮಿಠಾಯಿಯ ಕಾಗದ, ಶುಗರ್ ಇಳಿದಾಗ ಬೇಕಾಗುತ್ತದೆಂದು ನಾನೇ ಇಟ್ಟದ್ದು. ಅದನ್ನೇ ಸಾಕ್ಷಿ ಎಂದು ಹಿಡಿದುಕೊಂಡು ಕೂಗಾಡಿದೆ. ಆ ಹುಡುಗಿ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಹೋದಳು.

ಅದಾದ ಮೇಲೆ ನೀನು ಚಿಕ್ಕಮ್ಮನ ಮನೆಗೆ ಹೋದೆ, ಹೋದ ಎರಡೇ ವಾರಕ್ಕೆ ಅಂಕಿ ಇಳಿಯಿತು. ಒಳ್ಳೆಯ ತಾಯಿಯಾಗಿದ್ದರೆ ಸಂತೋಷಪಡಬೇಕಿತ್ತು. ನನಗೆ ಹೊಟ್ಟೆ ಉರಿಯಿತು. ಅಲ್ಲಿ ನಿಯತ್ತಾಗಿರುವವಳು ನನ್ನ ಹತ್ತಿರ ಮಾತ್ರ ಕಳ್ಳಿಯಾಗಿದ್ದಳು, ನನ್ನನ್ನು ಕಂಡರೆ ಅಷ್ಟು ಆಗುವುದಿಲ್ಲ ಎಂದುಕೊಂಡು ಎಷ್ಟು ದಿನ ಮುಖ ಊದಿಸಿಕೊಂಡಿದ್ದೆನೋ. ಚಿಕ್ಕಮ್ಮನಿಗೆ ಪೊಟ್ಟಣ ಓದುವ ಸಹನೆಯೇ ಇಲ್ಲ. ಮೂಲೆ ಬೇಕರಿಯ ಬ್ರೆಡ್ಡನ್ನು ತಕ್ಕಡಿಯಲ್ಲಿಟ್ಟು, ಕ್ಲಿನಿಕ್ಕಿನವರು ಕೊಟ್ಟ ಪಟ್ಟಿ ನೋಡಿ ಸೂಜಿ ಹಾಕುತ್ತಾಳೆ. ಅವಳ ಸೋಮಾರಿತನ ನಿನ್ನನ್ನು ಕಾಪಾಡಿತು, ನನ್ನ ಅಚ್ಚುಕಟ್ಟು ನಿನ್ನನ್ನು ಕೆಡಿಸಿತು.

ಮೊನ್ನೆ ಕ್ಲಿನಿಕ್ಕಿಗೆ ಹೋಗಿದ್ದೆ. ಹೋದದ್ದು ಜಗಳಕ್ಕೇ. ನನ್ನ ಮಗಳಿಗೆ ಬುದ್ಧಿ ಹೇಳೋರು ಯಾರೂ ಇಲ್ವಾ ನಿಮ್ಮಲ್ಲಿ ಎಂದು ಕೇಳುವವಳಿದ್ದೆ. ಅಲ್ಲಿ ಹೊಸದಾಗಿ ಬಂದಿರುವ ಆಹಾರ ತಜ್ಞೆ, ನಿನಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು, ನನ್ನನ್ನು ಕೂರಿಸಿ ನೀರು ಕೊಟ್ಟು, ಪೊಟ್ಟಣ ತಂದಿದ್ದೀರಾ ಅಮ್ಮಾ ಎಂದು ಕೇಳಿದಳು. ಅಷ್ಟು ದಿನ ಯಾರೂ ಕೇಳಿರಲಿಲ್ಲ, ನಾನೂ ತೋರಿಸಿರಲಿಲ್ಲ. ಕೈಚೀಲದಲ್ಲಿ ಬಿಸ್ಕತ್ತಿನದೊಂದು ಇತ್ತು. ತಿರುಗಿಸಿ ನೋಡಿದವಳು ಮೆಲ್ಲಗೆ, ಇದು ಬರೋ ದೇಶದವರು ನಾರನ್ನ ಬಿಟ್ಟೇ ಕಾರ್ಬೋಹೈಡ್ರೇಟ್ ಬರೀತಾರೆ, ನೀವು ಇನ್ನೊಂದು ಸಲ ಕಳೀತಿದ್ದೀರಾ ಅಂದಳು.

ಮೂವತ್ತು ಅಂದರೆ ಮೂವತ್ತೇ, ಚೂಟಿ, ಪೂರ್ತಿ ಮೂವತ್ತಕ್ಕೂ ಇನ್ಸುಲಿನ್ ಕೊಡಬೇಕಿತ್ತು. ಹೊಲಿಗೆಯ ಅಂಚನ್ನು ಮೊದಲೇ ಕಳೆದು ಕೊಟ್ಟ ಅಳತೆಯಿಂದ ಮತ್ತೆ ಅಂಚು ಕಳೆದು ಬಟ್ಟೆ ಕತ್ತರಿಸಿದ ಹಾಗೆ ಮಾಡಿದ್ದೆ. ನಮ್ಮ ಅಂಗಡಿಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಅವತ್ತೇ ಕತ್ತರಿ ಕಿತ್ತುಕೊಳ್ಳುತ್ತಿದ್ದೆ. ಇಲ್ಲಿ ಅಂಗಿ ಬಿಗಿಯಾಗಲಿಲ್ಲ, ಮಗಳು ಬಳಲಿದಳು.

ಇನ್ನು ಮುಂದೆ ನಿನ್ನ ಲೆಕ್ಕ ನೀನೇ ಮಾಡಿಕೋ. ಪೊಟ್ಟಣದಲ್ಲಿ ನಾರನ್ನು ಕಾರ್ಬೋಹೈಡ್ರೇಟಿನ ಅಡಿಯಲ್ಲಿ ಸ್ವಲ್ಪ ಒಳಗೆ ಸರಿಸಿ ಬರೆದಿದ್ದರೆ ಸಾಮಾನ್ಯವಾಗಿ ಅದು ಆ ಮೊತ್ತದ ಒಳಗೇ ಇರುತ್ತದಂತೆ, ಕಳೆಯಬಹುದು. ಅದಕ್ಕೆ ತನ್ನದೇ ಬೇರೆ ಸಾಲು ಇದ್ದರೆ ಬಹುಮಟ್ಟಿಗೆ ಮೊದಲೇ ಬಿಟ್ಟಿರುತ್ತಾರೆ. ಅನುಮಾನ ಬಂದರೆ ಊಹೆ ಮಾಡಬೇಡ, ಕ್ಲಿನಿಕ್ಕಿನ ಆ ಹುಡುಗಿಗೆ ಫೋಟೋ ಕಳಿಸು. ನಂಬರು ಚಿಕ್ಕಮ್ಮನಿಗೆ ಕೊಡುತ್ತೇನೆ.

ಒಂದು ಮಾತು ಮಾತ್ರ ನನ್ನನ್ನು ಕೊರೆಯುತ್ತಿದೆ. ಚೀಲ ಕೊಡವಿದ ದಿನ ನಾನು ನೆಲದಲ್ಲಿ ಕೂತು ಅಳುತ್ತಿದ್ದಾಗ ನೀನು ಪಕ್ಕದಲ್ಲಿ ಬಂದು ಕೂತು, ಹೌದಮ್ಮ, ತಿಂದೆ, ಇನ್ಮೇಲೆ ತಿನ್ನಲ್ಲ, ಅಳಬೇಡ ಅಂದೆ. ನನಗೆ ಆಗ ಎಷ್ಟು ಸಮಾಧಾನವಾಯಿತು ಗೊತ್ತೇ? ಗೆದ್ದೆ ಎಂದುಕೊಂಡೆ. ತಿನ್ನದ ಮಗು ತಿಂದೆ ಎಂದು ಏಕೆ ಹೇಳಿತು ಎಂದು ಈಗ ಗೊತ್ತಾಗುತ್ತಿದೆ. ನನ್ನ ಅಳು ನಿಲ್ಲಲಿ ಎಂದು ಹದಿನೈದು ವರ್ಷದ ನೀನು ಕಳ್ಳಿ ಎನ್ನಿಸಿಕೊಂಡೆ. ತಾಯಿಯಾಗಬೇಕಾದವಳು ನಾನು, ತಾಯಿಯಾದದ್ದು ನೀನು. ನನ್ನನ್ನು ಕ್ಷಮಿಸು, ಮಗಳೇ.

ವಾಪಸು ಬಾ ಎಂದು ಕರೆಯುವುದಿಲ್ಲ. ಆ ಮನೆಯಲ್ಲಿ ಚೆನ್ನಾಗಿದ್ದೀ, ಅಲ್ಲೇ ಇರು. ನನ್ನ ಮೇಲಿನ ಕೋಪ ಆರುವವರೆಗೆ ಇರು, ಆಮೇಲೂ ಇರಬೇಕೆನಿಸಿದರೆ ಇರು. ನಿನ್ನ ಆ ಗೆಳತಿಯ ಮನೆಗೆ ನಾನೇ ಹೋಗಿ ನಡೆದದ್ದನ್ನು ಹೇಳಿ ಬರುತ್ತೇನೆ.

ನಿನ್ನ
ಅಮ್ಮ

ತಾ.ಕ.: ಕವರು ಅಂಟಿಸಿಯಾಗಿತ್ತು, ಮತ್ತೆ ಹರಿದೆ. ಮೊನ್ನೆ ಕ್ಲಿನಿಕ್ಕಿಗೆ ಹೋಗಿದ್ದೆ ಎಂದು ಬರೆದದ್ದು ಸುಳ್ಳು. ಹೋಗಿ ಏಳು ವಾರವಾಯಿತು. ಅಂದಿನಿಂದ ಪ್ರತಿ ಭಾನುವಾರ ಫೋನಿನಲ್ಲಿ, ಅಲ್ಲಾದ್ರೂ ಕದ್ದು ತಿನ್ಬೇಡ ಕಣೇ ಅನ್ನುತ್ತಿದ್ದೆನಲ್ಲ, ಏಳೂ ಸಲ ನನಗೆ ಗೊತ್ತಿತ್ತು. ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ನೀನು ಏಳೂ ಸಲ, ಇಲ್ಲಮ್ಮ, ತಿನ್ನಲ್ಲ ಅಂದೆ. ಈ ಭಾನುವಾರ ನೀನೇ ಫೋನ್ ಮಾಡು. ಮೊದಲು ನೀನು ಬೈದು ಮುಗಿಸು, ಆಮೇಲೆ ನಾನು ಮಾತಾಡುತ್ತೇನೆ.