ಮುಗಿಸದೆ ಬರಕೂಡದು

ಜನವರಿ 9, 1957. ಬುಧವಾರ. ಯಲಹಂಕ

ಇವತ್ತೂ ಮ್ಯಾಪು ತಿದ್ದುವ ಕೆಲಸ. ಗೋಡೆಯ ಮೈಸೂರಿಗೆ ಬಿಳಿ ಕಾಗದ ಅಂಟಿಸಿ ಪಶ್ಚಿಮಕ್ಕೆ ಎಳೆದೆ. ಕಾರವಾರ, ಕುಮಟೆ, ಹೊನ್ನಾವರ. ಹದಿನೇಳು ವರ್ಷ "ನಮ್ಮ ರಾಜ್ಯಕ್ಕೆ ಕರಾವಳಿ ಇಲ್ಲ" ಎಂದು ಪಾಠ ಮಾಡಿದೆ. ನವೆಂಬರಿನಿಂದ ಇದೆ. ನಾನು ನೋಡಿಲ್ಲ, ಅಷ್ಟೆ.

ಎಕ್ಸ್‌ಕರ್ಷನ್‌ಗೆ ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಹನ್ನೊಂದು ಹುಡುಗಿಯರು, ನಾನು, ಆಯಾ ಮುನಿಗಂಗಮ್ಮ. ಎಲ್ಲರಿಗೂ ಹೊಸ ನೋಟ್‌ಬುಕ್. ನಿಯಮ ಹೇಳಿಕೊಟ್ಟೆ. ಮೊದಲ ಹಾಳೆಯಲ್ಲಿ ತಲೆಬರಹ ಮಾತ್ರ: ಸ್ಥಳ, ದಿನ, ಗಂಟೆ, ಯಾರ ಅಪ್ಪಣೆ, ಏನು ಕೆಲಸ. ಎರಡನೆಯದು ನಕ್ಷೆಗೆ ಖಾಲಿ. ಬರಹ ಮೂರನೆಯದರಿಂದ.

ಮಲ್ಕಾ ಪೆನ್ಸಿಲ್ ಒತ್ತಿ ಒತ್ತಿ ಬರೆಯುತ್ತಾಳೆ. ಕೆಳಗಿನ ಹಾಳೆಗಳಲ್ಲೆಲ್ಲ ಅಚ್ಚು. "ಬರೀತಿದ್ದೀಯೋ, ಹೊಲ ಉಳ್ತಿದ್ದೀಯೋ?" ಅಂದೆ. ಕ್ಲಾಸು ನಕ್ಕಿತು. ಅವಳೂ ನಕ್ಕಳು. ಆ ಮಗುವನ್ನು ಕಂಡರೆ ನನಗೇಕೆ ಕೈ ತುರಿಸುತ್ತದೆ?

ಜನವರಿ 19. ಶನಿವಾರ. ರೈಲಿನಲ್ಲಿ

ಯಶವಂತಪುರದಲ್ಲಿ ಹತ್ತಿದೆವು. ಮುನಿಗಂಗಮ್ಮನ ಸೆರಗಿನ ಗಂಟಿನಲ್ಲಿ ಹನ್ನೊಂದು ಹುಣಸೆ ಬೀಜ. ಒಬ್ಬ ಹುಡುಗಿ ಹತ್ತಿದರೆ ಒಂದು ಬೀಜ ಬಲಗೈಯಿಂದ ಎಡಗೈಗೆ. ಅಲ್ಲಾಳಸಂದ್ರದಲ್ಲಿ ಅವಳಪ್ಪ ಕುರಿ ಎಣಿಸುತ್ತಿದ್ದದ್ದು ಹೀಗೇ ಅಂತೆ.

"ನಾನು ತಪ್ಪಬೋದು ಅಮ್ನೋರೆ. ಬೀಜ ತಪ್ಪಾಕಿಲ್ಲ."

ತುಮಕೂರು ದಾಟಿದ ಮೇಲೆ ಮಲ್ಕಾ ಎದ್ದು ನಿಂತಳು. "ಮಿಸ್, ಉಬ್ಬರ ಇಳಿತ ಪಾಠ ಮಾಡಿದ್ರಲ್ಲ, ನೀವು ಸಮುದ್ರ ನೋಡಿದ್ದೀರಾ?"

ಇಲ್ಲ ಅಂದೆ. "ಹಂಗಾದ್ರೆ ಹೆಂಗೆ ಗೊತ್ತು ಮಿಸ್?"

ಡಬ್ಬಿಯೆಲ್ಲ ನಗು. ಪಕ್ಕದ ಸೀಟಿನ ಗಂಡಸರೂ. ಕಿಟಕಿಯ ಕಡೆ ತಿರುಗಿದೆ. ಹನ್ನೆರಡು ವರ್ಷದ ಹುಡುಗಿ... ನಾನು ನಲವತ್ತಮೂರು.

ಜನವರಿ 22. ಮಂಗಳವಾರ. ಬೆಳಿಗ್ಗೆ 10

ಕುಮಟೆಯ ಆಚೆ ಒಂದು ಮೀನುಗಾರರ ಊರು. ಸಮುದ್ರ ನೋಡಿದೆ. ಸದ್ದು ಇಷ್ಟು ಅಂತ ಯಾವ ಪುಸ್ತಕವೂ ಹೇಳಿರಲಿಲ್ಲ. ಕರಿಬಂಡೆ, ಮೇಲೆಲ್ಲ ಚೂಪು ಚಿಪ್ಪು. ಮುಂದೆ ನೀರಿನ ಮಧ್ಯೆ ಒಂದು ದಿಬ್ಬ, ಮೇಲೆ ಮುರಿದ ಕೋಟೆ, ಹಿಂದುಗಡೆ ಅಲೆ ಕೊರೆದ ದೊಡ್ಡ ಕಲ್ಲು ಕಮಾನು. ನೀರಿಳಿದಾಗ ಮರಳ ಮೇಲೆ ನಡೆದೇ ಹೋಗಬಹುದು.

ದೋಣಿಯವನು ಹೇಳಿದ, "ಅಕ್ಕೋರೆ, ಮೂರರ ಒಳಗೆ ಬಂದ್ಬಿಡಿ. ನೀರು ಏರ್ತದೆ." ದಾರಿ ಬಿಡುವುದು ಹನ್ನೊಂದಕ್ಕೆ. ಪುಸ್ತಕದಲ್ಲಿ ಆರು ಗಂಟೆ ಇಳಿತ, ಆರು ಗಂಟೆ ಉಬ್ಬರ. ಅಂದರೆ ಐದರವರೆಗೆ ತೊಂದರೆಯಿಲ್ಲ. ಇವರಿಗೆಲ್ಲ ಗಡಿಯಾರ ಎಲ್ಲಿಯದು...

ಹೊರಡಬೇಕು.

ಜನವರಿ 29. ಮಂಗಳವಾರ. ಯಲಹಂಕ

ಬರೆಯದೆ ಇದ್ದರೆ ಬೇರೆ ಥರ ನೆನಪಾಗತೊಡಗುತ್ತದೆ. ಈಗಾಗಲೇ ಆಗುತ್ತಿದೆ.

ಕೋಟೆಯೊಳಗೆ ಎದೆಯುದ್ದದ ಒಂದು ಕಲ್ಲು. ಹಳೆಗನ್ನಡದ ಬರಹ, ಹದಿನಾಲ್ಕು ಸಾಲು. ಉಳಿದವರು ಮುನಿಗಂಗಮ್ಮನ ಜೊತೆ ಕಮಾನು ನೋಡಲು ಆಚೆ ಬದಿಗೆ ಇಳಿದಿದ್ದರು. ಮಲ್ಕಾ ನಿಂತಿದ್ದಳು. "ಮಿಸ್, ದೋಣಿಯವರು ಮೂರು ಅಂದ್ರಲ್ಲ. ಈಗಲೇ ಎರಡಾಯ್ತು."

"ನಿನಗೆ ಬಾಯಿ ಜಾಸ್ತಿ ಆಗಿದೆ. ಈ ಕಲ್ಲಿನಲ್ಲಿರೋದೆಲ್ಲ ಕಾಪಿ ಮಾಡು. ಅಕ್ಷರ ಅಕ್ಷರ. ಮುಗಿಸದೆ ಬರಕೂಡದು."

ಕೂತಳು. ನಾನು ಹೇಳಿಕೊಟ್ಟಂತೆ ಮೊದಲು ತಲೆಬರಹ ಬರೆದಳು. ಕೇಳಿಸಿಕೊಂಡವಳು ಅವಳೊಬ್ಬಳೇ.

ಆಮೇಲೆ ಕಮಾನಿಗೆ ಹೋದೆ. ಎಷ್ಟು ಚೆಂದವಿತ್ತು. ಪಾಠ ಮಾಡಿದೆ, ಹಾಡಿಸಿದೆ. ಮಲ್ಕಾ ಮರೆತೇ ಹೋದಳು. ನಿಜವಾಗಿ ಮರೆತೆನೇ? ಅವಳು ಇಲ್ಲದ್ದು ಹಾಯೆನಿಸಿತ್ತು, ಅದಂತೂ ಜ್ಞಾಪಕವಿದೆ.

ಮೂರೂಕಾಲು. ಮುನಿಗಂಗಮ್ಮ ಬಂದು, "ಅಮ್ನೋರೆ, ನೀರು ಬತ್ತಾ ಐತೆ. ಓಗಾಣ ನಡೀರಿ" ಅಂದಳು.

"ನಿಮ್ಮ ಅಲ್ಲಾಳಸಂದ್ರದ ಕೆರೆ ಅಲ್ಲ ಇದು. ಭೂಗೋಳ ನೀನು ಹೇಳ್ತೀಯೋ, ನಾನು ಹೇಳಲೋ?" ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಮರಳಿಗೆ ಇಳಿದಾಗ ನೀರು ಮೊಳಕಾಲು. ಅರ್ಧ ದಾರಿಯಲ್ಲಿ ತೊಡೆ. ದಡದಲ್ಲಿ ಅವಳು ಬೀಜ ದಾಟಿಸಿದಳು. "ಒಂದು ಮಿಕ್ಕೈತೆ."

"ಎಣಿಸೋಕೆ ಬರುತ್ತಾ ನಿನಗೆ?"

"ಒಂದು ಮಗಾ ಇಲ್ಲ ಅಮ್ನೋರೆ!"

ಅವಳು ವಾಪಸು ನೀರಿಗೆ ಓಡಿದಳು. ಈಜು ಬರುವುದಿಲ್ಲ. ದೋಣಿಯವನು ಕೂಗಿ ಹತ್ತಿಸಿಕೊಂಡ. ನಾನು ನಿಂತೇ ಇದ್ದೆ. ಸೀರೆ ನೆನೆದಿತ್ತು, ಭಾರವಿತ್ತು ಅಂತ ಬರೆಯಹೊರಟೆ. ಅದಕ್ಕಲ್ಲ ನಿಂತದ್ದು.

ಕೋಟೆಯಿಂದ ಇಳಿಯುವಾಗ ಮಲ್ಕಾಳ ಎಡಪಾದ ಎರಡು ಬಂಡೆಯ ಸಂದಿನಲ್ಲಿ ಸಿಕ್ಕಿತ್ತು. ಒಂದೊಂದು ಅಲೆಗೂ ಮೇಲಿನ ಕಲ್ಲು ಅಲುಗಾಡಿ ಅದರ ಮೇಲೇ ಕೂರುತ್ತಿತ್ತಂತೆ. ನೋಟ್‌ಬುಕ್ ಮಾತ್ರ ನೆನೆದಿರಲಿಲ್ಲ. ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದಿದ್ದಳಂತೆ. ಮುನಿಗಂಗಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. ಅವಳಿಗೆ ಓದಲು ಬರುವುದಿಲ್ಲ.

ಫೆಬ್ರವರಿ 2. ಶನಿವಾರ

ಆಸ್ಪತ್ರೆಗೆ ಹೋದೆ, ಕಿತ್ತಲೆ ಹಣ್ಣು ತೆಗೆದುಕೊಂಡು. ಪಾದ ತೆಗೆದು ಮೂರು ದಿನವಾಯಿತು. ತಾಯಿ ಮೆಹಬೂಬ್ ಬೀ ಎದ್ದು ಕುರ್ಚಿ ಕೊಟ್ಟರು. "ಇಷ್ಟು ದೂರ ಬಂದ್ರಲ್ಲ ಮಿಸ್. ಎಷ್ಟು ಒಳ್ಳೆಯೋರು." ಕೂತೆ.

ಮಲ್ಕಾ ನನ್ನನ್ನು ಕಂಡು ಏಳಹೋದಳು.

"ಮಿಸ್, ಹದಿಮೂರು ಸಾಲು ಆಯ್ತು. ಒಂದು ಬಾಕಿ. ನೀರು ಬಂತಲ್ಲ... ಮುಗಿಸದೇ ಬಂದ್ಬಿಟ್ಟೆ. ಬೇಜಾರಾ?"

ತಾಯಿ ನೀರು ತರಲು ಆಚೆ ಹೋಗಿದ್ದರು. ಅವರಿಗೆ ಕೇಳಿಸಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ, ಕೇಳಿಸಿತೋ ಇಲ್ಲವೋ ಅಂತ.

"ಪರವಾಗಿಲ್ಲ" ಅಂದೆ. ಕ್ಷಮಿಸಿದವಳ ದನಿಯಲ್ಲಿ.

ಫೆಬ್ರವರಿ 11. ಸೋಮವಾರ

ಶಾಲೆಯ ಕಮಿಟಿ ಸೇರಿತು. ಯಾರಾದರೊಬ್ಬರ ಕೆಲಸ ಹೋಗಲೇಬೇಕು ಅಂತ ಮೊದಲೇ ತಿಳಿದಿತ್ತು.

"ಹುಡುಗಿಯರ ಎಣಿಕೆ ಯಾರದು?" "ಆಯಾದು." ಇದು ನಿಜ.

"ಆ ಹುಡುಗಿ ಯಾಕೆ ಹಿಂದುಳಿದಳು?" "ಗೊತ್ತಿಲ್ಲ."

ಎಷ್ಟು ಸಲೀಸಾಗಿ ಬಂತು. ಇಂಗ್ಲಿಷಿನಲ್ಲಿ ಹೇಳಿದ್ದರಿಂದಲೋ ಏನೋ, ಬೇರೆ ಯಾರೋ ಹೇಳಿದ ಹಾಗಿತ್ತು.

ಮುನಿಗಂಗಮ್ಮನನ್ನು ಕರೆದರು. ಹೇಗೆ ಎಣಿಸಿದೆ ಅಂದರು. ಸೆರಗು ಬಿಚ್ಚಿ ಹನ್ನೊಂದು ಬೀಜ ಮೇಜಿನ ಮೇಲಿಟ್ಟಳು.

"ಚೌಕಾಬಾರ ಆಡೋಕೆ ಹೋಗಿದ್ಯೇನಮ್ಮಾ?" ಅಂದರು ಒಬ್ಬ ಮೆಂಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ನನ್ನ ಕಡೆ ತಿರುಗಿದಳು. "ಒಂದು ಮಿಕ್ಕೈತೆ ಅಂದ್ನಲ್ಲ. ಅಂದ್ನೋ ಇಲ್ವೋ, ನೀವೇ ಏಳಿ ಅಮ್ನೋರೆ."

ಕನ್ನಡಕ ಒರೆಸಿಕೊಂಡೆ.

ಅವಳ ಹತ್ತೊಂಬತ್ತು ವರ್ಷದ ಕೆಲಸ ನಾಳೆಯಿಂದ ಇಲ್ಲ. ಬೀಜಗಳನ್ನು ಒಂದೊಂದಾಗಿ ಆರಿಸಿಕೊಂಡು ಹೋದಳು. ಒಂದು ಮೇಜಿನ ಕೆಳಗೆ ಉರುಳಿತ್ತು. ಬಗ್ಗಿ ಹುಡುಕುತ್ತಿದ್ದಾಗ ಅಧ್ಯಕ್ಷರು "ಸಾಕು ನಡಿ" ಅಂದರು.

ಫೆಬ್ರವರಿ 27. ಬುಧವಾರ

ನನ್ನನ್ನು ಸೀನಿಯರ್ ಮಿಸ್ಟ್ರೆಸ್ ಮಾಡಿದ್ದಾರೆ. ಆ ದಿನದ ನನ್ನ ಸಮಾಧಾನ ಮೆಚ್ಚಿಕೆಯಾಯಿತಂತೆ.

ಮಾರ್ಚ್ 3. ಭಾನುವಾರ. ಮಧ್ಯಾಹ್ನ 2

ಮೆಹಬೂಬ್ ಬೀ ಬಾಗಿಲಲ್ಲೇ ನಿಂತು ಹೋದರು. ಮುನಿಗಂಗಮ್ಮನ ಪರವಾಗಿ ಅರ್ಜಿ ಕೊಟ್ಟಿದ್ದಾರಂತೆ, ನಾಳೆ ಮತ್ತೆ ಕಮಿಟಿಯಂತೆ.

"ನನ್ನ ಮಗೂನ ಎತ್ಕೊಂಡು ಬಂದೋಳು ಅವಳು. ಅವಳ ಅನ್ನ ಹೋಗಬಾರದು. ಮಲ್ಕಾನ ಯಾಕೆ ಅಲ್ಲಿ ಕೂತಿದ್ದೆ ಅಂತ ಕೇಳಿದ್ರೆ, ಎಲ್ಲ ಪುಸ್ತಕದಲ್ಲಿ ಬರೆದಿದೆ, ಮಿಸ್ ಹತ್ರ ಇದೆ, ಮಿಸ್ ಕೊಡ್ತಾರೆ ಅಂತಾಳೆ. ಐದಕ್ಕೆ ಅವಳನ್ನೂ ಕರ್ಕೊಂಡು ಬರ್ತೀನಿ."

ಕೊಡ್ತೀನಿ ಅಂದೆ. ಇಲ್ಲ ಅನ್ನುವ ಹಾಗಿಲ್ಲ.

4.20

ನೋಟ್‌ಬುಕ್ಕಿನ ಮೊದಲ ಹಾಳೆ ತೆರೆದೆ. ಸ್ಥಳ, ದಿನ. ಗಂಟೆ: ಎರಡು. ಅಪ್ಪಣೆ: ಮಿಸ್. ಕೆಲಸ: ಕಲ್ಲಿನ ಬರಹ ಕಾಪಿ ಮಾಡುವುದು, ಮುಗಿಸದೆ ಬರಕೂಡದು. ಒಂದೂ ತಪ್ಪಿಲ್ಲ. ಹತ್ತಕ್ಕೆ ಹತ್ತು ಕೊಡಬೇಕಾದ ತಲೆಬರಹ.

ಹರಿದು ಬಚ್ಚಲ ಒಲೆಗೆ ಹಾಕಿದೆ. ಉಳಿದದ್ದು ಹಾಗೇ ಕೊಡಬಹುದು. ಬರೀ ಶಾಸನದ ಕಾಪಿ.

4.45

ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಖಾಲಿ ಬಿಡಿ ಅಂದಿದ್ದ ಎರಡನೆಯ ಹಾಳೆಯಲ್ಲಿ ಎಲ್ಲ ಇದೆ. ಬಣ್ಣವಿಲ್ಲ, ಬರೀ ಗೀರು. ಅಪ್ಪಣೆ: ಮಿಸ್. ಬೆರಳಾಡಿಸಿದರೂ ಸಿಗುತ್ತದೆ.

ಅದೂ ಒಲೆಗೆ.

ಬೀದಿಯಲ್ಲಿ ಊರುಗೋಲಿನ ಸದ್ದು. ಮೂರನೆಯದರಲ್ಲಿ ಶಾಸನದ ಮೊದಲ ಸಾಲು, ದುಂಡಗೆ, ಚೆಂದಕ್ಕೆ. ಅದರ ಅಡಿಯಲ್ಲೂ ಅದೇ ಗೀರು, ಅಪ್ಪಣೆ—